‘ಏನಂದ್ರಿ?’ ಅಂತ ಯಾರೂ ಕೇಳದ ತಪ್ಪುಗಳು

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ತಾಯಿಯವರು ತುಮಕೂರಿನಿಂದ ಬಂದಿದ್ದರು. ಬಂದ ಮೂರನೇ ವಾರಕ್ಕೆ ಕಾಲು ಊದಿಕೊಂಡು ಜ್ವರ ಬಂತು. ಮೇರಿಲ್ಯಾಂಡಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ನರ್ಸ್ ಕಂಪ್ಯೂಟರ್ ನೋಡುತ್ತಲೇ "ನೋ ಅಲರ್ಜೀಸ್?" ಎಂದು ಕೇಳಿದರು. ನಾವು "ನೋ, ನೋ" ಅಂದೆವು. ನಮ್ಮ ತಲೆಯಲ್ಲಿದ್ದದ್ದು "ಇಲ್ಲ ಇಲ್ಲ, ಇದೆ, ಪೆನ್ಸಿಲಿನ್ ಆಗಲ್ಲ" ಅಂತ. ಉಳಿದರ್ಧ ಬಾಯಿಗೆ ಬರುವಷ್ಟರಲ್ಲಿ ಅವರು ಟೈಪ್ ಮಾಡಿ ಮುಂದಿನ ಪ್ರಶ್ನೆಗೆ ಹೋಗಿದ್ದರು. ನಾವೂ ಅವರ ಹಿಂದೆಯೇ ಹೋದೆವು.

ಹತ್ತು ನಿಮಿಷ ಬಿಟ್ಟು ಅಮ್ಮ ಕೇಳಿದರು: "ಪೆನ್ಸಿಲಿನ್ ಆಗಲ್ಲ ಅಂತ ಹೇಳಿದ್ಯೇನೋ?"

"ಹೇಳ್ದೆನಲ್ಲಮ್ಮ."

"ನಿನ್ನ ಬಾಯಲ್ಲಿ ಪೆನ್ಸಿಲಿನ್ ಅನ್ನೋ ಮಾತೇ ಬರಲಿಲ್ಲ ಕಣೋ."

ಇಂಗ್ಲಿಷ್ ಬಾರದ ಅಮ್ಮನಿಗೆ ಗೊತ್ತಾಗಿದ್ದು ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಲೆಕ್ಕ ಬರೆದ ನಮಗೆ ಗೊತ್ತಾಗಲಿಲ್ಲ. ಎದ್ದು ಓಡಿಹೋಗಿ ತಿದ್ದಿಸಿದೆವು.

ಆವತ್ತಿನಿಂದ ಈ ವಿಷಯ ತಲೆ ಕೊರೆಯುತ್ತಿದೆ. ಬಿಕಾಂ ಓದುವಾಗ ಟ್ರಯಲ್ ಬ್ಯಾಲೆನ್ಸ್ ಪಾಠದಲ್ಲಿ ಒಂದು ಮಾತು ಕಲಿತಿದ್ದೆವು: ಡೆಬಿಟ್ಟು ಕ್ರೆಡಿಟ್ಟು ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಒಂದು ಬಿಲ್ಲನ್ನು ಪೂರ್ತಿ ಬರೆಯದೆ ಬಿಟ್ಟರೂ, ಬೇರೆಯವರ ಖಾತೆಗೆ ಬರೆದರೂ ಕೂಡಿದ ಮೊತ್ತ ತಾಳೆ ಆಗಿಯೇ ಆಗುತ್ತದೆ. ತಾಳೆ ಆಗದ ತಪ್ಪು ರಾತ್ರಿ ನಿದ್ದೆ ಕೆಡಿಸುತ್ತದೆ, ಆದರೆ ಸಿಕ್ಕಿಬೀಳುತ್ತದೆ. ತಾಳೆ ಆದ ತಪ್ಪು ವರ್ಷಗಟ್ಟಲೆ ಪುಸ್ತಕದಲ್ಲೇ ಕೂತಿರುತ್ತದೆ.

ನಮ್ಮ ಇಂಗ್ಲಿಷೂ ಹಾಗೇ. "ಐ ಹ್ಯಾವ್ ಎ ಡೌಟ್" ಅಂದರೆ ಎದುರಿನವರು ಹುಬ್ಬು ಏರಿಸುತ್ತಾರೆ, ಯಾಕೆಂದರೆ ಅವರಿಗೆ ಅದು ಅನುಮಾನ, ಪ್ರಶ್ನೆಯಲ್ಲ. "ಐ ಪಾಸ್ಡ್ ಔಟ್ ಇನ್ 2001" ಅಂದರೆ ಮೂರ್ಛೆ ಬಿದ್ದಿರಾ ಎಂದು ನಗುತ್ತಾರೆ. ನಕ್ಕರೆ ನಗಲಿ, ತಪ್ಪು ಅಲ್ಲೇ ಸರಿಹೋಗುತ್ತದೆ. ಭಯಪಡಬೇಕಾದ್ದು ಇಬ್ಬರೂ ತಲೆಯಾಡಿಸಿ, ಅರ್ಥ ಮಾತ್ರ ಬೇರೆ ಬೇರೆ ಆಗುವ ತಪ್ಪುಗಳಿಗೆ. ಅಂಥವನ್ನು ಇಲ್ಲಿ ಬರೆಯುತ್ತಿದ್ದೇವೆ.

ಯೆಸ್ ಮತ್ತು ನೋ

"ಊಟ ಆಗಿಲ್ವಾ?" ಅಂದರೆ ನಾವು "ಹೂಂ, ಆಗಿಲ್ಲ" ಅನ್ನುತ್ತೇವೆ. ಕೇಳಿದವರ ಮಾತು ಸರಿಯೋ ತಪ್ಪೋ ಎಂಬುದಕ್ಕೆ ಕನ್ನಡದಲ್ಲಿ ಉತ್ತರ. ಇಂಗ್ಲಿಷಿನಲ್ಲಿ ಉತ್ತರ ವಿಷಯಕ್ಕೆ: ಊಟ ಆಗಿದ್ದರೆ ಯೆಸ್, ಆಗದಿದ್ದರೆ ನೋ, ಪ್ರಶ್ನೆ ಹೇಗೇ ಇರಲಿ. ಇದನ್ನು ಅವಸರದಲ್ಲಿ ಯೋಚಿಸುತ್ತಾ ಕೂರಲು ಆಗುವುದಿಲ್ಲ. ಸುಲಭದ ದಾರಿ, ಯೆಸ್ ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳುವುದು: "ಶಿ ಈಸ್ ಅಲರ್ಜಿಕ್ ಟು ಪೆನಿಸಿಲಿನ್."

ಕ್ಯಾನ್ ಮತ್ತು ಕಾಂಟ್

ನಾವು ಇಂಡಿಯಾದಲ್ಲಿ ‘ಕಾಂಟ್’ ಎಂದು ಕಲಿತವರು. ಇಲ್ಲಿಯವರು ‘ಕ್ಯಾಂಟ್’ ಎಂದು ಶುರುಮಾಡಿ ಕೊನೆಯ ‘ಟ್’ ನುಂಗಿಬಿಡುತ್ತಾರೆ. ಬರಬಲ್ಲೆ ಎನ್ನುವಾಗ ಅವರು ‘ಐ ಕನ್ ಕಮ್’ ಎಂದು ತೇಲಿಸಿ ಹೇಳುತ್ತಾರೆ. ನಾವು "ಐ ಕ್ಯಾನ್ ಕಮ್ ಸ್ಯಾಟರ್ಡೇ" ಎಂದು ‘ಕ್ಯಾನ್’ ಮೇಲೆ ಒತ್ತು ಹಾಕಿದರೆ, ಶನಿವಾರದ ಶಿಫ್ಟಿಗೆ ಬರಲ್ಲ ಎಂದು ಅವರಿಗೆ ಕೇಳಿಸಬಹುದು. ಬರಲಾಗದಿದ್ದರೆ "ಐ ಕ್ಯಾನಾಟ್ ಕಮ್" ಎಂದು ಬಿಡಿಸಿ ಹೇಳಿ. ಬರುವುದಾದರೆ "ಯೆಸ್, ಐ ವಿಲ್ ಬಿ ದೇರ್" ಅನ್ನಿ.

ಅಂಕಿ ಮತ್ತು ತಾರೀಖು

ಇದು ನಮ್ಮ ಕಸುಬಿನ ವಿಷಯ. ‘ಫಿಫ್ಟೀನ್’ನಲ್ಲಿ ಭಾರ ಕೊನೆಗೆ, ‘ಫಿಫ್ಟಿ’ಯಲ್ಲಿ ಮೊದಲಿಗೆ. ನಾವು ಎರಡನ್ನೂ ಒಂದೇ ತೂಕದಲ್ಲಿ ಹೇಳುತ್ತೇವೆ. ಇಲ್ಲಿಯವರ ‘ಥರ್ಟಿ’ ‘ಥರ್ಡಿ’ಯಂತೆ, ‘ಫಾರ್ಟಿ’ ‘ಫಾರ್ಡಿ’ಯಂತೆ ಕೇಳಿಸುವುದೂ ಇದೇ ಕಾರಣಕ್ಕೆ ಗಮನದಲ್ಲಿರಲಿ. ದುಡ್ಡಿನ ಮಾತಾದರೆ "ಫಿಫ್ಟೀನ್, ಒನ್ ಫೈವ್" ಎಂದು ಎರಡು ಸಲ ಹೇಳಿ. ಫೋನ್ ನಂಬರಿನಲ್ಲಿ ‘ಡಬಲ್ ಫೈವ್’ ಬೇಡ, ಒಂದೇ ಐದು ಬರೆದುಕೊಂಡಾರು. ‘ಫೈವ್ ಫೈವ್’ ಅನ್ನಿ.

ತಾರೀಖಿನಲ್ಲಿ ಇಲ್ಲಿ ತಿಂಗಳು ಮೊದಲು. ಮಾರ್ಚ್ 8ನ್ನು ನಮ್ಮೂರ ಅಭ್ಯಾಸದಂತೆ 08/03 ಎಂದು ಬರೆದರೆ ಅದು ಆಗಸ್ಟ್ 3 ಆಗುತ್ತದೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಒಂದು ಫಾರಂನಲ್ಲಿ ಒಂದು ಜನ್ಮದಿನ, ಇನ್ನೊಂದರಲ್ಲಿ ಇನ್ನೊಂದು ಆದಮೇಲೆ ತಿದ್ದಿಸುವ ಪಾಡು ದೇವರಿಗೇ ಪ್ರೀತಿ. ಜಾಗ ಇದ್ದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ವರ್ಕ್ಡ್

"ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್" ಅಂದರೆ ಈಗ ಅಲ್ಲಿಲ್ಲ, ಬಿಟ್ಟಾಯಿತು ಎಂದರ್ಥ. ಮನೆ ಸಾಲಕ್ಕೆ ಹೋದಾಗ, ವೀಸಾ ಸಂದರ್ಶನದಲ್ಲಿ ಈ ಒಂದು ಪದಕ್ಕೆ ತುಂಬಾ ಬೆಲೆ ಇದೆ. ಈಗಲೂ ಕೆಲಸದಲ್ಲಿದ್ದರೆ "ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ಫೈವ್ ಇಯರ್ಸ್." ‘ಸಿನ್ಸ್ ಫೈವ್ ಇಯರ್ಸ್’ ಅಲ್ಲ, ‘ಸಿನ್ಸ್’ ಆದಮೇಲೆ ಶುರುವಾದ ಇಸವಿ ಬರಬೇಕು, ‘ಸಿನ್ಸ್ 2019’ ಎಂಬಂತೆ.

ಪ, ಟ, ಕ

ಸ್ಪೆಲಿಂಗ್ ಹೇಳುವಾಗ ನಮ್ಮ ‘ಪಿ’ ಅವರಿಗೆ ‘ಬಿ’ ಆಗಿ, ‘ಟಿ’ ‘ಡಿ’ ಆಗಿ ಕೇಳಿಸುತ್ತದೆ. ಕಾರಣ, ಇಂಗ್ಲಿಷಿನಲ್ಲಿ ಪದದ ಶುರುವಿನ ಪ, ಟ, ಕಗಳಿಗೆ ಉಸಿರು ಬೇಕು. ಆ ಉಸಿರು ನಮಗೆ ಹೊಸದೇನಲ್ಲ, ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಮಹಾಪ್ರಾಣವೇ ಅದು. ‘ಖಗ’ದ ಖ, ‘ಫಲ’ದ ಫ, ಆದರೆ ಎರಡು ತುಟಿ ಸೇರಿಸಿ ಹೇಳುವ ಫ, ಫೋನಿನದಲ್ಲ. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪೀಟರ್’ ಅನ್ನಿ. ಕಾಗದ ಅಲುಗಿದರೆ ಸರಿ. ಫೋನಿನಲ್ಲಂತೂ "ಪಿ ಆ್ಯಸ್ ಇನ್ ಪೀಟರ್" ಎಂದೇ ಹೇಳಿ. ನಮಗಿರುವುದು ಒಂದೇ ವ, ಅವರಿಗೆ ಎರಡು: ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ‘ವಿಕ್ಟರ್’, ತುಟಿ ದುಂಡಗಾದರೆ ‘ವಿಲಿಯಂ’.

ಇಷ್ಟು ತಿದ್ದಿಕೊಂಡರೆ ಸಾಕು. ಉಳಿದ ನಮ್ಮ ಧಾಟಿ ಹಾಗೇ ಇರಲಿ, ಅದಕ್ಕೆ ನಾಚಿಕೆ ಬೇಡ. ಇಲ್ಲಿ ಹುಟ್ಟಿದವರದ್ದೇ ಎಲ್ಲ ಒಂದೇ ರೀತಿ ಇಲ್ಲ. ಬ್ಯೂಫರ್ಟ್ ಎಂಬ ಊರು ಸೌತ್ ಕೆರೊಲಿನಾದಲ್ಲಿದೆ. ಅದೇ ಸ್ಪೆಲಿಂಗಿನ ಊರು ನಾರ್ತ್ ಕೆರೊಲಿನಾದಲ್ಲಿ ಬೋಫರ್ಟ್. ಅಟ್ಲಾಂಟಾ ಪಕ್ಕದ ಡಿಕಾಲ್ಬ್ ಕೌಂಟಿಯನ್ನು ಅಲ್ಲಿಯವರು ‘ಲ’ ನುಂಗಿ ಡಿಕ್ಯಾಬ್ ಅನ್ನುತ್ತಾರೆ. ದಕ್ಷಿಣದ ಈ ರಾಜ್ಯಗಳಲ್ಲಿ ಅನೇಕರಿಗೆ ‘ಪಿನ್’ ಮತ್ತು ‘ಪೆನ್’ ಒಂದೇ ಉಚ್ಚಾರ. ಅವರನ್ನು ಯಾರೂ ತಿದ್ದುವುದಿಲ್ಲ.

ಕಾನೂನೂ ನಮ್ಮ ಕಡೆಗಿದೆ. 1964ರ ಸಿವಿಲ್ ರೈಟ್ಸ್ ಕಾಯ್ದೆಯಂತೆ, ಹದಿನೈದು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ, ಧಾಟಿಯಿಂದ ಕೆಲಸಕ್ಕೆ ನಿಜವಾದ ಅಡ್ಡಿ ಆಗದಿದ್ದರೆ ಅದೇ ನೆಪದಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಬಡ್ತಿ ತಪ್ಪಿಸುವಂತಿಲ್ಲ. ಅದೇ ಕಾಯ್ದೆಯ ಇನ್ನೊಂದು ಭಾಗದಂತೆ, ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು, ಫೋನಿನಲ್ಲಾದರೂ ಸರಿ. "ಕನ್ನಡ ಇಂಟರ್‌ಪ್ರಿಟರ್" ಅಂದರೆ ಕೆನಡಾ ಎಂದು ತಿಳಿದಾರು, ಸ್ಪೆಲಿಂಗ್ ಹೇಳಿ. ನಾವು ಆವತ್ತು ಇದನ್ನು ಕೇಳಬೇಕಿತ್ತು. ಮಗನಿಗೆ ಇಂಗ್ಲಿಷ್ ಬರುತ್ತದಲ್ಲ ಎಂಬ ಜಂಬ ಅಡ್ಡ ಬಂತು.

ಕಲಿಯುವ ಮನಸ್ಸಿದ್ದರೆ ದಾರಿ ದೂರವಿಲ್ಲ. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕಾಲೇಜು, ಷಾರ್ಲೆಟ್‌ನ ಸೆಂಟ್ರಲ್ ಪೀಡ್‌ಮಾಂಟ್, ರಾಲಿಯ ವೇಕ್ ಟೆಕ್, ಅಟ್ಲಾಂಟಾ ಹತ್ತಿರದ ಗ್ವಿನೆಟ್ ಟೆಕ್, ಇಲ್ಲೆಲ್ಲ ದೊಡ್ಡವರಿಗೆ ಇಂಗ್ಲಿಷ್ ತರಗತಿಗಳಿವೆ. ಫೋನ್ ಮಾಡಿ ವೇಳೆ, ಫೀಸು ಕೇಳಿ. ಅಥವಾ ಕಾವೇರಿ, ನೃಪತುಂಗ, ಸಂಪಿಗೆ ಕೂಟಗಳ ಹಬ್ಬದೂಟಕ್ಕೆ ಹೋದಾಗ, ಇಲ್ಲೇ ಬೆಳೆದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು "ಫಿಫ್ಟಿ, ಫಿಫ್ಟೀನ್ ಹೇಳ್ತೀನಿ, ಯಾವುದು ಅಂತ ಹೇಳು ಪುಟ್ಟ" ಎಂದು ಆಟ ಆಡಿ. ಅವರು ದಾಕ್ಷಿಣ್ಯ ಮಾಡುವುದಿಲ್ಲ.

ಅಮ್ಮನ ಕಾಲು ಬೇರೆ ಔಷಧಿಯಲ್ಲಿ ವಾಸಿಯಾಯಿತು. ವಾಪಸ್ ಹೋಗುವ ಮುಂಚೆ ಅವರ ಪರ್ಸಿನಲ್ಲಿ ಒಂದು ಚೀಟಿ ಇಟ್ಟೆವು: "ಐ ಆಮ್ ಅಲರ್ಜಿಕ್ ಟು ಪೆನಿಸಿಲಿನ್." ಅಮ್ಮ ಅದನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದರು. ನಿಮ್ಮ ಮನೆಗೆ ಈ ಸಲ ಅಪ್ಪ ಅಮ್ಮ ಬರುತ್ತಿದ್ದರೆ, ವಿಮಾನ ಇಳಿದ ವಾರದಲ್ಲೇ ಅಂಥದೊಂದು ಚೀಟಿ ಬರೆದಿಡಿ.