ರೇಸ್ ಕಾರಿಗೆ ಸಣ್ಣ ಸೊಂಟವೇಕೆ?

"ತಾತ, ಈ ಕಾರಿಗೆ ಹಿಂದಿನ ಚಕ್ರದ ಹತ್ತಿರ ಸೊಂಟ ಯಾಕೆ ಇಷ್ಟು ಸಣ್ಣ?"

ದಸರಾ ರಜೆಗೆ ಬುಕ್ಕಸಾಗರಕ್ಕೆ ಬಂದಿದ್ದ ಮೊಮ್ಮಗ ಆಟಿಕೆಯ ರೇಸ್ ಕಾರನ್ನು ಮುಂದೆ ಹಿಡಿದು ಕೇಳಿದ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. "ಗಾಳಿ ಸೀಳೋದು ಮೂತಿ ಕಣೋ, ಹಿಂದಿನದು ಬರೀ ಅಂದಕ್ಕೆ" ಎಂದುಬಿಟ್ಟೆ. ಅವನು ಒಪ್ಪಲಿಲ್ಲ. ಲೆಕ್ಕ ತಾಳೆಯಾಗದ ದಿನದಂತೆ ನನಗೂ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಕಡೆಬಾಗಿಲು ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದೆವು. ನೀರು ಬಂಡೆಗೆ ಬಡಿದು ಎರಡು ಪಾಲಾಗುತ್ತಿತ್ತು. ಆದರೆ ಬಂಡೆ ದಾಟಿದ ಕೂಡಲೇ ಒಂದಾಗುತ್ತಿರಲಿಲ್ಲ. ಹಿಂದೆ ಸುಳಿ ಸುತ್ತುತ್ತಿತ್ತು. "ನೋಡು ತಾತ, ನೊರೆ ವಾಪಸು ಬಂಡೆ ಕಡೆಗೇ ಬರ್ತಿದೆ!" ಎಂದ ಮೊಮ್ಮಗ.

ಗಾಳಿಯೂ ಹೀಗೆಯೇ ಮಕ್ಕಳೇ. ಓಡುವ ವಾಹನದ ಹಿಂಬದಿ ಮೊಂಡಾಗಿದ್ದರೆ ಅಲ್ಲಿ ಸುಳಿ ಏಳುತ್ತದೆ, ಒತ್ತಡ ತಗ್ಗುತ್ತದೆ. ಆ ತಗ್ಗಿದ ಒತ್ತಡ ವಾಹನವನ್ನು ಹಿಂದಕ್ಕೆ ಎಳೆಯುತ್ತದೆ. ಮೀನು ಬಾಲದ ಕಡೆಗೆ ಮೆಲ್ಲಗೆ ಸಣ್ಣದಾಗುವುದು ಸುಮ್ಮನೆ ಅಲ್ಲ!

ಫಾರ್ಮುಲಾ 1 ಕಾರಿನ ಅಗಲವಾದ ಚಕ್ರಗಳಿಗೆ ಮುಚ್ಚಳವಿಲ್ಲ. ಗಿರಗಿರನೆ ತಿರುಗುತ್ತಾ ಅವು ಗಾಳಿಯನ್ನು ಕಲಕುತ್ತವೆ. ಹಿಂದಿನ ಎರಡು ಚಕ್ರಗಳ ನಡುವೆ ಕಾರಿನ ಮೈ ಸಣ್ಣದಾದರೆ, ಪಕ್ಕದ ಗಾಳಿಗೆ ಚಕ್ರಕ್ಕೆ ಬಡಿಯದೆ ಒಳಗಿನಿಂದ ಹೋಗಲು ದಾರಿ ಸಿಗುತ್ತದೆ. ಹೀಗೆ ವೇಗವಾಗಿ ಹೊರಟ ಗಾಳಿ, ಕಾರಿನ ಅಡಿಯ ಗಾಳಿಯೂ ಬೇಗ ಹೊರಬರಲು ನೆರವಾಗುತ್ತದೆ. ಅಡಿಯಲ್ಲಿ ಒತ್ತಡ ಇಳಿದಾಗ ಕಾರು ರಸ್ತೆಗೆ ಅಂಟಿಕೊಂಡಂತೆ ಓಡುತ್ತದೆ, ತಿರುವಿನಲ್ಲಿ ಜಾರುವುದಿಲ್ಲ. ಆದರೆ ಸೊಂಟ ತಟ್ಟನೆ ಸಣ್ಣದಾಗಬಾರದು. ಹಾಗಾದರೆ ಗಾಳಿ ಮೈ ಬಿಟ್ಟು ಮತ್ತೆ ಸುಳಿಯಾಗುತ್ತದೆ.

1983ರಲ್ಲಿ ಕಾರಿನ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಬಂತು. ಆಗ ಮೆಕ್‌ಲಾರೆನ್ ಕಾರಿಗೆ ಇಂಥ ಸೊಂಟ ಕೊಟ್ಟವರು ವಿನ್ಯಾಸಕ ಜಾನ್ ಬರ್ನಾರ್ಡ್. ತಂಪು ಪಾನೀಯದ ಬಾಟಲಿಯನ್ನು ಹೋಲುವುದರಿಂದ ಅದಕ್ಕೆ 'ಕೋಕ್ ಬಾಟಲಿ' ಎಂದೇ ಹೆಸರಾಯಿತು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರಲ್ಲ, ಆ ಕಾರಿನ ಮೈಯೂ ಹಿಂದಕ್ಕೆ ಹೋದಂತೆ ಸಣ್ಣದಾಗುತ್ತದೆ.

ಮನೆಗೆ ಬಂದು ಒಂದು ಪರೀಕ್ಷೆ ಮಾಡಿದೆವು. ಉರಿಯುವ ಮೇಣದಬತ್ತಿಯ ಮುಂದೆ ದಪ್ಪ ಪುಸ್ತಕವನ್ನು ನಿಲ್ಲಿಸಿ, ಈಚೆಯಿಂದ ಮೊಮ್ಮಗ ಜೋರಾಗಿ ಊದಿದ. ದೀಪ ಆರಲಿಲ್ಲ. ಪುಸ್ತಕ ತೆಗೆದು ಅಷ್ಟೇ ಅಗಲದ ದುಂಡನೆಯ ಬಾಟಲಿ ಇಟ್ಟು ಊದಿದ. ಗಾಳಿ ಬಾಟಲಿಯ ಮೈಯನ್ನು ತಬ್ಬಿಕೊಂಡು ಹಿಂದೆ ಸೇರಿತು. ದೀಪ ಆರಿತು!

"ಹಿಂದಿನದು ಬರೀ ಅಂದಕ್ಕಾ ತಾತ?" ಎಂದ.

"ಲೆಕ್ಕ ತಪ್ಪಿತ್ತು ಮಗೂ, ನಿನ್ನದೇ ಸರಿ" ಎಂದೆ.

ತಾತ ಅಜ್ಜಿಯರೇ, ನೀವೂ ಮಾಡಿ ನೋಡಿ. ಕಡ್ಡಿ ಗೀರುವುದು ನಿಮ್ಮ ಕೆಲಸ, ಊದುವುದು ಮಕ್ಕಳಿಗಿರಲಿ.