ಸೆಂಟರ್ ಫಾರ್ವರ್ಡ್ ಬಲಬೀರ್ ಸಿಂಗ್

ಹಾಕಿಯ ಮಾತೆತ್ತಿದೊಡನೆ ನಮ್ಮವರಿಗೆ ಮೊದಲು ನೆನಪಾಗುವ ಹೆಸರು ಧ್ಯಾನಚಂದರದು; ಅದು ನ್ಯಾಯವೇ. ಆದರೆ ಸೆಂಟರ್ ಫಾರ್ವರ್ಡ್ ಆದವನ ಕೆಲಸವೇನೆಂಬುದನ್ನು ತಿಳಿಯಬಯಸುವವರು ಬಲಬೀರ್ ಸಿಂಗರ ಆಟವನ್ನು ಪರಿಶೀಲಿಸಬೇಕೆಂದು ನಮ್ಮ ಅಭಿಪ್ರಾಯ. ಅದೇ ಹೆಸರಿನ ಆಟಗಾರರು ಮುಂದೆ ಹಲವರು ಬಂದುದರಿಂದ ಇವರನ್ನು ಬಲಬೀರ್ ಸಿಂಗ್ ಸೀನಿಯರ್ ಎಂದು ಕರೆಯುವುದು ರೂಢಿಯಾಗಿದೆ.

ಅಂದಿನ ಹಾಕಿಯಲ್ಲಿ ಮುಂದಿನ ಸಾಲಿನವರು ಐವರು. ಅವರ ನಡುವಿನವನೇ ಸೆಂಟರ್ ಫಾರ್ವರ್ಡ್. ಫುಟ್‌ಬಾಲಿನಲ್ಲಿ ಎಷ್ಟು ದೂರದಿಂದ ಒದ್ದರೂ ಗೋಲಾದೀತು. ಹಾಕಿಯಲ್ಲಿ ಹಾಗಲ್ಲ. ಗೋಲಿನ ಮುಂದೆ ಎಳೆದಿರುವ ಅರ್ಧವೃತ್ತದಂಥ ಗೆರೆಯೊಳಗೆ, ದಾಳಿ ಮಾಡುವ ಪಕ್ಷದವನ ಕೋಲು ಚೆಂಡನ್ನು ತಾಕಿದಲ್ಲದೆ ಗೋಲು ಸಲ್ಲದು. ಇದರ ಮೇಲೆ ಆಫ್‌ಸೈಡಿನ ಕಟ್ಟು ಬೇರೆ: ತನ್ನವರು ಚೆಂಡನ್ನು ಮುಂದಕ್ಕೆ ಕಳುಹುವಾಗ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಾಗಿತ್ತು. (ಈ ನಿಯಮವು ಕ್ರಮೇಣ ಸಡಿಲವಾಗಿ 1990ರ ದಶಕದಲ್ಲಿ ರದ್ದಾಯಿತು.) ಆದುದರಿಂದ ಮೊದಲೇ ಹೋಗಿ ಗೋಲಿನ ಬಳಿ ಕಾದು ನಿಲ್ಲುವಂತಿರಲಿಲ್ಲ. ಚೆಂಡೂ ಆಟಗಾರನೂ ಒಂದೇ ಗಳಿಗೆಯಲ್ಲಿ ಅಲ್ಲಿ ಸೇರಬೇಕು. ಬಲಬೀರರ ಹಿರಿಮೆಯೆಲ್ಲ ಆ ಗಳಿಗೆಯನ್ನು ಅರಿಯುವುದರಲ್ಲಿತ್ತು.

ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಹರಬೈಲ್ ಸಿಂಗರ ಬಳಿ ಪಳಗಿದ ಈ ತರುಣ 1948ರಲ್ಲಿ ಲಂಡನ್ನಿಗೆ ಹೋದನು. ಆ ತಂಡದಲ್ಲಿ ನಮ್ಮ ಮುಂಬಯಿಯ ಗೋಲ್‌ಕೀಪರ್ ಲಿಯೋ ಪಿಂಟೊ ಅವರೂ ಇದ್ದರು. ಬಲಬೀರರಿಗೆ ಮೊದಲ ಪಂದ್ಯದಲ್ಲಿ ಸ್ಥಾನವಿಲ್ಲ. ಅರ್ಜೆಂಟೀನದೊಡನೆ ಆಡಲು ಕರೆಬಂದಾಗ ಒಂಬತ್ತು ಗೋಲುಗಳಲ್ಲಿ ಆರನ್ನು ತಾವೇ ಹೊಡೆದರು. ಅಷ್ಟಾದರೂ ಮುಂದಿನ ಪಂದ್ಯಗಳಿಗೆ ಮತ್ತೆ ಹೊರಗೆ! ಕಡೆಗೆ ಫೈನಲಿನಲ್ಲಿ ಅವಕಾಶ ದೊರೆಯಿತು. ವರ್ಷದ ಹಿಂದಿನವರೆಗೆ ನಮ್ಮನ್ನಾಳುತ್ತಿದ್ದ ಬ್ರಿಟನ್ನೇ ಎದುರಾಳಿ. ಬಲಬೀರರು ಮೊದಲ ಎರಡು ಗೋಲುಗಳನ್ನು ಹೊಡೆದರು. ಭಾರತ 4–0ರಿಂದ ಗೆದ್ದಿತು.

1952ರ ಹೆಲ್ಸಿಂಕಿಯ ವಿಷಯವನ್ನು ಅಂಕಿಗಳೇ ಹೇಳುತ್ತವೆ. ಭಾರತದ 13 ಗೋಲುಗಳಲ್ಲಿ 9 ಇವರವು. ನೆದರ್‌ಲ್ಯಾಂಡ್ಸ್ ವಿರುದ್ಧ 6–1ರಿಂದ ಗೆದ್ದ ಫೈನಲಿನಲ್ಲಿ 5. ಪುರುಷರ ಒಲಿಂಪಿಕ್ ಫೈನಲಿನಲ್ಲಿ ಒಬ್ಬನೇ ಅಷ್ಟು ಗೋಲು ಹೊಡೆದ ಈ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ನಮಗೆ ಇದಕ್ಕಿಂತ ಹಿರಿದಾಗಿ ತೋರುವುದು ಗೋಲಿಲ್ಲದ ಫೈನಲ್. 1956ರಲ್ಲಿ ಮೆಲ್ಬರ್ನಿಗೆ ಅವರು ನಾಯಕರಾಗಿ ಹೋದರು. ಅಫ್ಘಾನಿಸ್ತಾನದ ಮೇಲೆ ಐದು ಗೋಲು ಹೊಡೆದರಾದರೂ ಆ ಪಂದ್ಯದಲ್ಲೇ ಬಲಗೈಯ ಬೆರಳಿನ ಎಲುಬು ಮುರಿಯಿತು. ತಂಡದ ಹಿರಿಯರು ಈ ಸಂಗತಿಯನ್ನು ಗುಟ್ಟಾಗಿಟ್ಟರು. ಕಾರಣ ಸರಳ: ಬಲಬೀರರು ಮೈದಾನದಲ್ಲಿದ್ದರೆ ಎದುರಾಳಿಗಳು ಅವರನ್ನು ಬಿಡದೆ ಕಾಯುವರು, ಉಳಿದವರಿಗೆ ಅಷ್ಟು ಜಾಗ ಬಿಡುವಾಗುವುದು. ಬೆರಳಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ನೋವು ಶಮನಕ್ಕೆ ಚುಚ್ಚುಮದ್ದು ತೆಗೆದುಕೊಂಡು, ಅವರು ಜರ್ಮನಿಯ ಮೇಲೂ ಪಾಕಿಸ್ತಾನದ ಮೇಲೂ ಆಡಿದರು. ಎರಡು ಪಂದ್ಯಗಳೂ 1–0. ಮೊದಲನೆಯ ಗೋಲು ಉಧಮ್ ಸಿಂಗರದು, ಎರಡನೆಯದು ಪೆನಾಲ್ಟಿ ಕಾರ್ನರಿನಿಂದ ರಣಧೀರ್ ಸಿಂಗ್ ಜೆಂಟಲರದು. ನಾಯಕನ ಹೆಸರಿನ ಮುಂದೆ ಸೊನ್ನೆ. ಲೆಕ್ಕದ ಪುಸ್ತಕ ಮಾತ್ರ ನೋಡುವವರಿಗೆ ಆ ಸೊನ್ನೆಯ ಬೆಲೆ ತಿಳಿಯಲಾರದು.

1957ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1975ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ಪಿಗೆ ಹೋದ ತಂಡದ ಮೇನೇಜರರಾಗಿ ಅವರು ಮೈದಾನದ ಹೊರಗೆ ಕುಳಿತರು. ಅಂದು ಪಾಕಿಸ್ತಾನವನ್ನು 2–1ರಿಂದ ಮಣಿಸಿದ ಎರಡನೆಯ ಗೋಲನ್ನು ಹೊಡೆದವರು ಧ್ಯಾನಚಂದರ ಮಗ ಅಶೋಕಕುಮಾರರು. 2020ರ ಮೇ 25ರಂದು ತಮ್ಮ 96ನೆಯ ವಯಸ್ಸಿನಲ್ಲಿ ಬಲಬೀರರು ಮೊಹಾಲಿಯಲ್ಲಿ ನಿಧನರಾದರು.