ಜಪಾನಿನ ಚೀಸ್ ಕೇಕು: ಹಗುರವೆಷ್ಟು, ಭಾರವೆಷ್ಟು?

ನಾಲಿಗೆಗೆ ಹಗುರವಾದುದು ದೇಹಕ್ಕೂ ಹಗುರವೆಂದು ನಾವು ಸಹಜವಾಗಿ ನಂಬುತ್ತೇವೆ. ಜಪಾನಿನ ಚೀಸ್ ಕೇಕಿನ ವಿಷಯದಲ್ಲಿ ಈ ನಂಬಿಕೆಯನ್ನು ಕೊಂಚ ತೂಗಿ ನೋಡುವುದು ಒಳಿತು.

ಒಸಾಕಾ ನಗರದ ‘ರಿಕುರೋ ಒಜಿಸಾನ್’ ಅಂಗಡಿಯಲ್ಲಿ ಕೇಕು ಒಲೆಯಿಂದ ಹೊರಬಂದಾಗ ಗಂಟೆ ಬಾರಿಸುತ್ತಾರೆ. ಮೇಲೆ ನಗುಮುಖದ ಮುದ್ರೆಯೊತ್ತಿ ಬಿಸಿಬಿಸಿಯಾಗಿಯೇ ಮಾರುತ್ತಾರೆ. ತಟ್ಟೆ ಅಲುಗಿದರೆ ಕೇಕೂ ತೊನೆಯುತ್ತದೆ. ಬಿಸಿಯಿದ್ದಾಗ ಹತ್ತಿಯಂತೆ ಮೃದು. ತಣಿಸಿಟ್ಟರೆ ಮರುದಿನ ತುಸು ಬಿಗಿಯಾಗಿ, ಚೀಸಿನ ನಸುಹುಳಿ ಎದ್ದು ತೋರುತ್ತದೆ.

ಈ ಮೃದುತ್ವದ ಮೂಲ ಮೊಟ್ಟೆಯ ಬಿಳಿಯ ಭಾಗ. ಅದನ್ನು ಸಕ್ಕರೆಯೊಡನೆ ನೊರೆ ಬರುವಂತೆ ಕಡೆದು, ಕ್ರೀಮ್ ಚೀಸ್, ಬೆಣ್ಣೆ, ಹಾಲು, ಮೊಟ್ಟೆಯ ಹಳದಿ, ಮೈದಾ ಮತ್ತು ಕಾರ್ನ್‌ಫ್ಲೋರುಗಳ ಮಿಶ್ರಣದಲ್ಲಿ ಮೆಲ್ಲನೆ ಬೆರೆಸುತ್ತಾರೆ. ಬಳಿಕ ಅಚ್ಚನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಒಲೆಯಲ್ಲಿ ಬೇಯಿಸುತ್ತಾರೆ. ನೀರಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಮೀರದಾದ್ದರಿಂದ ಅಂಚು ಬೇಗನೆ ಗಟ್ಟಿಯಾಗದು. ನೊರೆಯೊಳಗಿನ ಗಾಳಿ ಹಿಗ್ಗಿ ಕೇಕು ನಿಧಾನವಾಗಿ ಉಬ್ಬುತ್ತದೆ.

ಇನ್ನು ಪೋಷಣೆಯ ಲೆಕ್ಕ. 250 ಗ್ರಾಂ ಕ್ರೀಮ್ ಚೀಸ್, 50 ಗ್ರಾಂ ಬೆಣ್ಣೆ, 100 ಮಿಲಿ ಹಾಲು, 6 ಮೊಟ್ಟೆ, 60 ಗ್ರಾಂ ಮೈದಾ, 20 ಗ್ರಾಂ ಕಾರ್ನ್‌ಫ್ಲೋರ್, 140 ಗ್ರಾಂ ಸಕ್ಕರೆಯಿಂದ ಮಾಡಿದ ಕೇಕನ್ನು 8 ಭಾಗ ಮಾಡಿದರೆ, ಒಂದು ತುಂಡಿನಲ್ಲಿ ಸುಮಾರು 320 ಕ್ಯಾಲೊರಿ, 20 ಗ್ರಾಂ ಕೊಬ್ಬು, 7 ಗ್ರಾಂ ಪ್ರೋಟೀನು ಹಾಗೂ 17 ಗ್ರಾಂ ಸೇರಿಸಿದ ಸಕ್ಕರೆ ದೊರೆಯುತ್ತವೆ. ಚೀಸನ್ನೇ ಹೇರಳವಾಗಿ ಬಳಸುವ ಅಮೆರಿಕದ ನ್ಯೂಯಾರ್ಕ್ ಮಾದರಿಯ ಕೇಕಿನ ಅಷ್ಟೇ ಗಾತ್ರದ ತುಂಡಿಗಿಂತ ಇದು ಕಡಿಮೆಯೇ ಸರಿ. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಅಂತರ ಅಲ್ಪ. ಇಲ್ಲಿ ಹೆಚ್ಚಿರುವುದು ಗಾಳಿ, ಗಾಳಿಗೆ ಕ್ಯಾಲೊರಿಯಿಲ್ಲ.

ಆದುದರಿಂದ ‘ಹಗುರವಲ್ಲವೇ, ಇನ್ನೊಂದು ತುಂಡು ಇರಲಿ’ ಎಂಬ ಉಪಚಾರದಲ್ಲಿಯೇ ಅಪಾಯವಿದೆ. ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಯೊಳಗೆ ಇದ್ದರೆ ಮತ್ತಷ್ಟು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಎರಡು ತುಂಡು ತಿಂದರೆ ಆ ಮಿತಿ ದಾಟಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯುಳ್ಳ ಹಿರಿಯರಿದ್ದರೆ, ಬಾಯಲ್ಲಿ ಕರಗಿದ ಮಾತ್ರಕ್ಕೆ ಇದನ್ನು ಪಥ್ಯದ ತಿನಿಸೆಂದು ಭಾವಿಸಲಾಗದು.

ಸಸ್ಯಾಹಾರಿ ಮನೆತನದವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹೆಸರಿನಲ್ಲಿ ಚೀಸ್ ಮಾತ್ರ ಕಂಡರೂ ಈ ಕೇಕು ನಿಂತಿರುವುದು ಮೊಟ್ಟೆಯ ಮೇಲೆ. ಬೇಕರಿಯಲ್ಲಿ ಕೊಳ್ಳುವ ಮುನ್ನ ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ.

ತಿನ್ನುವವರು ಒಂದು ತುಂಡನ್ನು ನಿಧಾನವಾಗಿ ಸವಿದರೆ ತಪ್ಪೇನಿಲ್ಲ. ರುಚಿಯನ್ನು ನಾಲಿಗೆ ಹೇಳಲಿ. ಅಳತೆಯನ್ನು ಮಾತ್ರ ನಾವೇ ನಿರ್ಧರಿಸೋಣ.